ಜಾಂಬಿಯಾ ತಾಮ್ರದ ರಾಯಲ್ಟಿ: ಸ್ಲ್ಯಾಬ್ ಲೆಕ್ಕ, ಲೈಸೆನ್ಸ್, ಎಲ್ಲೆಲ್ಲಿ ಎಡವುತ್ತಾರೆ

(ಇದು ಹಲವರು ಸೇರಿ ಮಾಡಿದ ಚರ್ಚೆ. ಪ್ರತಿ ಮಾತಿನ ಮೇಲಿರುವುದು ಮಾತಾಡಿದವರ ಅಡ್ಡಹೆಸರು.)

ಲೆಕ್ಕದ ಕಟ್ಟು:

ಆಫ್ರಿಕಾದ ಜಾಂಬಿಯಾದಲ್ಲಿ ತಾಮ್ರಕ್ಕೆ "ಶೇ 4ರಿಂದ 10 ರಾಯಲ್ಟಿ" (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ಪಾಲು, ನಮ್ಮಲ್ಲಿ ರಾಜಧನ) ಅಂತ ಎಲ್ಲ ಕಡೆ ಬರೆದಿರುತ್ತದೆ. ಅದನ್ನು ಓದಿದವರು ಬೆಲೆ 9,500 ಡಾಲರ್ ಇದ್ದರೆ ಪೂರ್ತಿ ಮೊತ್ತಕ್ಕೆ ಶೇ 10 ಅಂತ ಗುಣಿಸಿಬಿಡುತ್ತಾರೆ. 2022ರ ಕೊನೆಯವರೆಗೆ ಹಾಗೇ ಇತ್ತು. 2023ರ ಜನವರಿ 1ರಿಂದ ಹಾಗಿಲ್ಲ. ಈಗಿನದು ನಮ್ಮ ಆದಾಯ ತೆರಿಗೆಯ ಸ್ಲ್ಯಾಬ್ ಇದ್ದ ಹಾಗೆ: ಬೆಲೆಯ ಎಷ್ಟು ಭಾಗ ಯಾವ ಸ್ಲ್ಯಾಬಿಗೆ ಬೀಳುತ್ತದೋ ಅಷ್ಟಕ್ಕೆ ಮಾತ್ರ ಆ ದರ.

ಟನ್ನಿಗೆ ಮೊದಲ 4,000 ಡಾಲರ್: ಶೇ 4
4,000 ದಾಟಿ 5,000ದವರೆಗೆ: ಶೇ 6.5
5,000 ದಾಟಿ 7,000ದವರೆಗೆ: ಶೇ 8.5
7,000 ಮೇಲ್ಪಟ್ಟದ್ದು: ಶೇ 10

ಬೆಲೆ 9,500 ಅಂತ ಇಟ್ಟುಕೊಳ್ಳಿ. 4,000ಕ್ಕೆ 160, ಮುಂದಿನ 1,000ಕ್ಕೆ 65, ಅದರ ಮುಂದಿನ 2,000ಕ್ಕೆ 170, ಉಳಿದ 2,500ಕ್ಕೆ 250. ಒಟ್ಟು 645 ಡಾಲರ್, ಅಂದರೆ ಶೇ 6.79. ಹಳೆಯ ಕ್ರಮದಲ್ಲಿ ಇದೇ ಟನ್ನಿಗೆ 950 ಆಗುತ್ತಿತ್ತು. ಬೆಲೆ 6,000ಕ್ಕೆ ಇಳಿದರೆ ಈಗ 310, ಆಗ 450. 12,000ಕ್ಕೆ ಏರಿದರೆ ಈಗ 895, ಆಗ 1,200.

ಈ ಸ್ಲ್ಯಾಬ್ ತಾಮ್ರಕ್ಕೆ ಮಾತ್ರ. ಕೋಬಾಲ್ಟ್, ವನೇಡಿಯಂಗೆ ಶೇ 8, ಚಿನ್ನದಂಥ ಅಮೂಲ್ಯ ಲೋಹಕ್ಕೆ ಮತ್ತು ರತ್ನಗಳಿಗೆ ಶೇ 6, ಸತು, ಸೀಸದಂಥ ಉಳಿದ ಮೂಲ ಲೋಹ ಹಾಗೂ ಕೈಗಾರಿಕಾ ಖನಿಜಕ್ಕೆ ಶೇ 5, ಎಲ್ಲವೂ ನೇರ ದರ. ಒಂದೇ ಕಾನ್ಸಂಟ್ರೇಟಿನಲ್ಲಿ (ಅದಿರನ್ನು ಅರೆದು, ಕಲ್ಲು ಬೇರ್ಪಡಿಸಿ ಲೋಹದ ಅಂಶ ಹೆಚ್ಚಿಸಿದ ಪುಡಿ) ತಾಮ್ರದ ಜೊತೆ ಚಿನ್ನವೋ ಕೋಬಾಲ್ಟೋ ಇದ್ದು ಅದಕ್ಕೂ ಖರೀದಿದಾರ ದುಡ್ಡು ಕೊಡುತ್ತಿದ್ದರೆ ಅದರ ಲೆಕ್ಕ ಬೇರೆ ಸಾಲಿನಲ್ಲಿ ಹೋಗಬೇಕು. ತಾಮ್ರದ ಸಾಲೊಂದನ್ನೇ ತುಂಬಿಸಿ ಕೈತೊಳೆದುಕೊಳ್ಳುವವರು ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಬಳ್ಳಾರಿ ಬಿಸಿಲು:

ಎರಡು ಪ್ರಶ್ನೆ. ಒಂದು, ಸ್ಲ್ಯಾಬ್ ಮಾಡಿದ್ದು ಕಂಪನಿಗಳಿಗೆ ರಿಯಾಯಿತಿ ಕೊಡುವುದಕ್ಕಾ, ಬೇರೆ ಕಾರಣಕ್ಕಾ? ಎರಡು, ಆ 9,500 ಯಾವ ಬೆಲೆ? ಮಾರಿದ ಬಿಲ್ಲಿನ ಬೆಲೆಯೋ, ಲಂಡನ್ ಬೆಲೆಯೋ? ನಮ್ಮಲ್ಲಿ ಕಬ್ಬಿಣದ ಅದಿರಿಗೆ ಐಬಿಎಂ (ಕೇಂದ್ರದ ಭಾರತೀಯ ಗಣಿ ಬ್ಯೂರೋ) ತಿಂಗಳು ತಿಂಗಳು ಪ್ರಕಟಿಸುವ ಸರಾಸರಿ ಮಾರಾಟ ಬೆಲೆಯ ಮೇಲೆ ಶೇ 15 ರಾಜಧನ. ಬಿಲ್ಲಿನಲ್ಲಿ ಏನು ಬರೆದುಕೊಂಡರೂ ಇಲಾಖೆಗೆ ಸಂಬಂಧವಿಲ್ಲ.

ಲೆಕ್ಕದ ಕಟ್ಟು:

ಎರಡನೆಯದು ಮೊದಲು. ಅಲ್ಲೂ ಬಿಲ್ಲಿನ ಬೆಲೆಯನ್ನು ಕೇಳುವುದಿಲ್ಲ. ಮೂಲ ಲೋಹಕ್ಕೆ ಕಾಯ್ದೆ ಹೇಳುವುದು "ನಾರ್ಮ್ ವ್ಯಾಲ್ಯೂ": ಲಂಡನ್ ಮೆಟಲ್ ಎಕ್ಸ್‌ಚೇಂಜಿನ ಆ ತಿಂಗಳ ಸರಾಸರಿ ನಗದು ಬೆಲೆ, ಅದಕ್ಕೆ ಗುಣಿಸು ಮಾರಿದ ಲೋಹದ ಅಥವಾ ಅದಿರಿನಿಂದ ತೆಗೆಯಬಹುದಾದ ಲೋಹದ ತೂಕ. ಸ್ಮೆಲ್ಟರ್‌ನವರು ಹಿಡಿದುಕೊಳ್ಳುವ ಕರಗಿಸುವ ಖರ್ಚು, ಶುದ್ಧೀಕರಣದ ಖರ್ಚು, ಲಾರಿ ಬಾಡಿಗೆ, ಯಾವುದೂ ಕಳೆಯುವಂತಿಲ್ಲ. ರತ್ನಕ್ಕೆ ಮಾತ್ರ ಇದು ನಡೆಯುವುದಿಲ್ಲ, ಪಚ್ಚೆಗೆ ಲಂಡನ್ನಿನಲ್ಲಿ ದರಪಟ್ಟಿ ಇಲ್ಲವಲ್ಲ. ಅಲ್ಲಿ ಮಾರಾಟದಲ್ಲಿ ನಿಜವಾಗಿ ಬಂದ ಬೆಲೆಯೇ ಆಧಾರ.

ಇನ್ನು ಸ್ಲ್ಯಾಬ್ ಯಾಕೆ ಅಂದರೆ, ಹಳೆಯದರಲ್ಲಿ ಪ್ರಪಾತ ಇತ್ತು. 2019ರಿಂದ 2022ರವರೆಗಿನ ದರ: 4,500ಕ್ಕಿಂತ ಕಡಿಮೆಯಾದರೆ ಶೇ 5.5, 6,000 ಮುಟ್ಟುವ ತನಕ 6.5, 7,500 ಮುಟ್ಟುವ ತನಕ 7.5, 9,000 ಮುಟ್ಟುವ ತನಕ 8.5, ಅದರ ಮೇಲೆ 10. ದರ ಬೀಳುತ್ತಿದ್ದದ್ದು ಪೂರ್ತಿ ಬೆಲೆಗೆ. ಬೆಲೆ 8,999 ಇದ್ದ ತಿಂಗಳು ಟನ್ನಿಗೆ 765 ಡಾಲರ್ ಕಟ್ಟುತ್ತಿದ್ದವರು 9,001 ಆದ ತಿಂಗಳು 900 ಕಟ್ಟಬೇಕು. ಬೆಲೆ ಏರಿದ್ದು ಎರಡು ಡಾಲರ್, ರಾಯಲ್ಟಿ ಏರಿದ್ದು 135. ತಿಂಗಳ ಸರಾಸರಿ ಗಡಿಯ ಹತ್ತಿರ ಓಲಾಡುತ್ತಿದ್ದರೆ ಸಾಗಣೆಯನ್ನು ಈ ತಿಂಗಳಿಗೋ ಮುಂದಿನ ತಿಂಗಳಿಗೋ ತಳ್ಳಿ ಆಟ ಆಡುವುದಕ್ಕೆ ಕಂಪನಿಗೆ ಕಾರಣ ಸಿಗುತ್ತಿತ್ತು. ಈಗ 8,999ಕ್ಕೂ 9,001ಕ್ಕೂ ವ್ಯತ್ಯಾಸ 20 ಸೆಂಟ್.

ತೂಕದ ಮನೆ:

ದರದ ಬಗ್ಗೆ ಇಷ್ಟು ಚರ್ಚೆ ಆಗುತ್ತದೆ, ತೂಕದ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಾನ್ಸಂಟ್ರೇಟ್ ಮಾರುವವರ ಲೆಕ್ಕ ಹೀಗೆ ಹೋಗುತ್ತದೆ.

ವೇಬ್ರಿಡ್ಜ್ ಮೇಲೆ 1,000 ಟನ್ ಹಸಿ ತೂಕ. ತೇವಾಂಶ ಶೇ 9. ಒಣ ತೂಕ 910. ತಾಮ್ರದ ಅಂಶ ಶೇ 28 ಅಂದರೆ 254.8 ಟನ್. ತೆಗೆಯಬಹುದಾದದ್ದು ಶೇ 96.5 ಅಂತ ಒಪ್ಪಂದವಾಗಿದ್ದರೆ 245.88 ಟನ್. ಟನ್ನಿಗೆ 645ರಂತೆ ರಾಯಲ್ಟಿ 1,58,594 ಡಾಲರ್.

ತೇವಾಂಶವನ್ನು 9ರ ಬದಲು 10 ಅಂತ ಬರೆದರೆ ರಾಯಲ್ಟಿ 1,743 ಡಾಲರ್ ಇಳಿಯುತ್ತದೆ. ತಾಮ್ರದ ಅಂಶವನ್ನು 28.5 ಇದ್ದದ್ದು 28 ಅಂತ ಬರೆದರೆ 2,832 ಡಾಲರ್ ಇಳಿಯುತ್ತದೆ. ಇದು ಬರೀ ಸಾವಿರ ಟನ್ನಿಗೆ. ಲಕ್ಷಗಟ್ಟಲೆ ಟನ್ ಸಾಗಿಸುವ ಗಣಿಗೆ ಅರ್ಧ ಅಂಶದ ಬೆಲೆ ಎಷ್ಟು ಅಂತ ನೀವೇ ಗುಣಿಸಿ.

ತಪ್ಪಾಗುವುದು ಹೆಚ್ಚಾಗಿ ಮೋಸದಿಂದಲ್ಲ, ಮಾದರಿ ತೆಗೆಯುವ ರೀತಿಯಿಂದ. ಲಾರಿಯ ಮೇಲ್ಪದರದಿಂದ ಎರಡು ಸಲಿಕೆ ತೆಗೆದರೆ ಅದು ಮಾದರಿ ಅಲ್ಲ. ಮೇಲಿನದು ಬಿಸಿಲಿಗೆ ಒಣಗಿರುತ್ತದೆ, ತಳದಲ್ಲಿ ನೀರು ಇಳಿದಿರುತ್ತದೆ. ಟೊಳ್ಳು ಕೊಳವೆಯನ್ನು ತಳದವರೆಗೆ ಚುಚ್ಚಿ, ಲಾರಿಯ ಉದ್ದಗಲಕ್ಕೆ ಹಲವು ಕಡೆಯಿಂದ ತೆಗೆಯಬೇಕು. ತೆಗೆದ ತಕ್ಷಣ ಗಾಳಿಯಾಡದ ಚೀಲಕ್ಕೆ ಹಾಕಿ ಕಟ್ಟಬೇಕು. ಚೀಲ ತೆರೆದು ಅರ್ಧ ಗಂಟೆ ಬಿಸಿಲಲ್ಲಿ ಇಟ್ಟರೆ ಸೆಪ್ಟೆಂಬರ್, ಅಕ್ಟೋಬರ್ ಬಿಸಿಲಿಗೆ ತೇವಾಂಶದ ಅಂಕಿಯೇ ಕೆಟ್ಟುಹೋಗುತ್ತದೆ. ಓವನ್ನಿನಲ್ಲಿ 105 ಡಿಗ್ರಿಗೆ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಬೇಕು. ಬೇಗ ಮುಗಿಯಲಿ ಅಂತ ಶಾಖ ಏರಿಸಿದರೆ ಸಲ್ಫೈಡ್ ಗಾಳಿಯ ಜೊತೆ ಸೇರಿ ತೂಕವೇ ಬದಲಾಗುತ್ತದೆ, ಲೆಕ್ಕ ಹಾಳು.

ಮಾದರಿಯನ್ನು ಒಬ್ಬರ ಕೈಗೆ ಕೊಟ್ಟು ಬರಬೇಡಿ. ಕನಿಷ್ಠ ನಾಲ್ಕು ಪಾಲು ಮಾಡಿ ಸೀಲ್ ಮಾಡಿ: ಮಾರುವವರಿಗೆ, ಕೊಳ್ಳುವವರಿಗೆ, ಸರ್ಕಾರಕ್ಕೆ, ತಕರಾರು ಬಂದರೆ ಮೂರನೆಯ ಲ್ಯಾಬಿಗೆ. ಎರಡೂ ಕಡೆಯ ಫಲಿತಾಂಶ ಒಪ್ಪಂದದ ಮಿತಿಯೊಳಗೆ ಇದ್ದರೆ ಸರಾಸರಿ, ಮಿತಿ ದಾಟಿದರೆ ಮೂರನೆಯ ಲ್ಯಾಬ್ ಹೇಳಿದ್ದು. ರಾಯಲ್ಟಿ ರಿಟರ್ನ್ ಮುಂದಿನ ತಿಂಗಳ 14ರೊಳಗೆ ಹೋಗಬೇಕು, ಅಂತಿಮ ಫಲಿತಾಂಶ ಅಷ್ಟರಲ್ಲಿ ಬಂದಿರುವುದಿಲ್ಲ. ತಾತ್ಕಾಲಿಕ ಅಂಕಿಯಲ್ಲಿ ಕಟ್ಟಿ, ಅಂತಿಮ ಬಂದಾಗ ತಿದ್ದುಪಡಿ ಸಲ್ಲಿಸಿ. ಆ ತಿದ್ದುಪಡಿ ಮರೆತುಬಿಟ್ಟರೆ ವರ್ಷದ ಕೊನೆಗೆ ಆದಾಯ ತೆರಿಗೆಯ ಮಾರಾಟದ ಅಂಕಿಗೂ ರಾಯಲ್ಟಿಯ ಅಂಕಿಗೂ ತಾಳೆ ಬೀಳುವುದಿಲ್ಲ, ನೋಟಿಸ್ ಬರುವುದು ಅಲ್ಲಿಂದ.

ಸೀಲು ಸಹಿ:

ತೂಕದ ಮನೆಯವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ದರ ಬಿಡುವ ಹಾಗಿಲ್ಲ, ಯಾಕೆಂದರೆ ಜಾಂಬಿಯಾದ ಕಥೆಯೇ ದರ ಬದಲಿಸಿದ ಕಥೆ. ಸಾಲಾಗಿ ಇಡುತ್ತೇನೆ.

ಸರ್ಕಾರಿ ಗಣಿಗಳನ್ನು ಮಾರುವ ಕಾಲದಲ್ಲಿ, ಸುಮಾರು 2000ದ ಆಚೀಚೆ, ಕಂಪನಿಗಳ ಜೊತೆ ಅಭಿವೃದ್ಧಿ ಒಪ್ಪಂದ ಮಾಡಿಕೊಂಡು ರಾಯಲ್ಟಿ ಶೇ 0.6ಕ್ಕೆ ಇಳಿಸಿದರು. ಸೊನ್ನೆ ಪಾಯಿಂಟ್ ಆರು, ಅಚ್ಚಿನ ತಪ್ಪಲ್ಲ. ತಾಮ್ರದ ಬೆಲೆ ಏರಿದ ಮೇಲೆ 2008ರಲ್ಲಿ ಕಾನೂನಿನಿಂದಲೇ ಆ ಒಪ್ಪಂದಗಳನ್ನು ಬದಿಗೆ ಸರಿಸಿ ರಾಯಲ್ಟಿ ಶೇ 3 ಮಾಡಿದರು, ಮೇಲೆ ಹಠಾತ್ ಲಾಭದ ತೆರಿಗೆ: ಪೌಂಡ್ ತಾಮ್ರ 2.50 ಡಾಲರ್ ದಾಟಿದರೆ ಶೇ 25, 3 ಡಾಲರ್ ದಾಟಿದರೆ 50, 3.50 ದಾಟಿದರೆ 75. ಅದೇ ವರ್ಷದ ಕೊನೆಗೆ ಬೆಲೆ ಕುಸಿಯಿತು, 2009ರಲ್ಲಿ ಆ ತೆರಿಗೆಯನ್ನೇ ತೆಗೆದರು. 2012ರಲ್ಲಿ ರಾಯಲ್ಟಿ ಶೇ 6. 2015ರ ಜನವರಿಯಲ್ಲಿ ಗಣಿಗಾರಿಕೆಗೆ ಆದಾಯ ತೆರಿಗೆಯೇ ಬೇಡ ಅಂತ ತೆಗೆದು, ರಾಯಲ್ಟಿಯನ್ನು ಸುರಂಗದ ಗಣಿಗೆ ಶೇ 8, ತೆರೆದ ಗಣಿಗೆ ಶೇ 20 ಮಾಡಿದರು. ತನ್ನ ಲುಮ್ವಾನಾ ಗಣಿ ನಿಲ್ಲಿಸುತ್ತೇವೆ ಅಂತ ಕೆನಡಾದ ಬ್ಯಾರಿಕ್ ಕಂಪನಿ ಕೂತಿತು. ಜುಲೈ ಹೊತ್ತಿಗೆ 6 ಮತ್ತು 9ಕ್ಕೆ ಇಳಿಸಿ ಆದಾಯ ತೆರಿಗೆ ವಾಪಸ್. 2016ರಲ್ಲಿ ಬೆಲೆಗೆ ತಕ್ಕ ಹಾಗೆ 4, 5, 6. 2019ರಲ್ಲಿ 5.5ರಿಂದ 10. ಜೊತೆಗೆ ಆ ವರ್ಷ ಇನ್ನೊಂದು ಏಟು: ಕಟ್ಟಿದ ರಾಯಲ್ಟಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. 2022ರ ಜನವರಿಯಿಂದ ತೋರಿಸಬಹುದು. 2023ರಿಂದ ಸ್ಲ್ಯಾಬ್.

ಗಣಿ ಕಟ್ಟುವುದಕ್ಕೆ ಐದಾರು ವರ್ಷ, ಹೂಡಿದ್ದು ವಾಪಸ್ ಬರುವುದಕ್ಕೆ ಅಷ್ಟೇ ವರ್ಷ. ಅಷ್ಟರಲ್ಲಿ ನಿಯಮ ಮೂರು ಸಲ ತಿರುಗಿದರೆ ಸಾಲ ಕೊಡುವ ಬ್ಯಾಂಕು ಬಡ್ಡಿಯಲ್ಲೇ ಅದನ್ನು ಸೇರಿಸುತ್ತದೆ.

ಬಳ್ಳಾರಿ ಬಿಸಿಲು:

ಸರಿ, ಆದರೆ 0.6 ಬರೆದುಕೊಟ್ಟವರು ಮೊದಲು ತಪ್ಪು ಮಾಡಿದ್ದು ಅಂತಲೂ ಹೇಳಿ. ನೆಲದೊಳಗಿನದು ಒಂದೇ ಸಲ ಸಿಗುವ ಬೆಳೆ. ಕಡಿಮೆ ದರಕ್ಕೆ ಬರೆದುಕೊಟ್ಟಿದ್ದಕ್ಕೇ ಮುಂದೆ ಬಂದ ಸರ್ಕಾರಗಳೆಲ್ಲ ಹತ್ತಿಸುತ್ತಾ ಇಳಿಸುತ್ತಾ ಹೋದದ್ದು. 2023ರದ್ದೂ ಕಂಪನಿಗಳಿಗೆ ದಾನವೇ ಅಲ್ಲವೇ? ಟನ್ನಿಗೆ 305 ಡಾಲರ್ ಬಿಟ್ಟುಕೊಟ್ಟಿದ್ದಾರೆ.

ಲೆಕ್ಕದ ಕಟ್ಟು:

ದಾನವೋ ಅಲ್ಲವೋ ಅನ್ನುವುದು ಗಣಿಯ ಖರ್ಚಿನ ಮೇಲೆ. ಲೆಕ್ಕಕ್ಕೋಸ್ಕರ ಎರಡು ಗಣಿ ಇಟ್ಟುಕೊಳ್ಳೋಣ, ಬೆಲೆ 9,500.

ಮೊದಲನೆಯದು ತೆರೆದ ಗಣಿ, ಟನ್ನಿಗೆ ಎಲ್ಲ ಸೇರಿ ಖರ್ಚು 6,500. ಲಾಭ 3,000. 2019ರ ಕ್ರಮದಲ್ಲಿ ರಾಯಲ್ಟಿ 950, ಅದನ್ನು ಕಳೆಯದೆ ಪೂರ್ತಿ 3,000ಕ್ಕೆ ಶೇ 30 ಆದಾಯ ತೆರಿಗೆ 900. ಒಟ್ಟು 1,850, ಲಾಭದ ಶೇ 62. ಈಗ ರಾಯಲ್ಟಿ 645, ಉಳಿದ 2,355ಕ್ಕೆ ತೆರಿಗೆ 706.50. ಒಟ್ಟು 1,351.50, ಶೇ 45. ಇಂಥ ಗಣಿಗೆ ಸರ್ಕಾರ ಬಿಟ್ಟುಕೊಟ್ಟಿದೆ ಅನ್ನುವುದು ನಿಜ.

ಎರಡನೆಯದು ಆಳದ ಸುರಂಗ, ಖರ್ಚು 9,000. ಲಾಭ 500. ಹಳೆಯದರಲ್ಲಿ 950 ರಾಯಲ್ಟಿ, ಮೇಲೆ 150 ತೆರಿಗೆ, 500 ದುಡಿದು 1,100 ಕಟ್ಟು! ಈಗಲೂ 645 ಕಟ್ಟಬೇಕು, ಕೈಯಿಂದ 145 ಹೋಗುತ್ತದೆ, ಆದಾಯ ತೆರಿಗೆ ಮಾತ್ರ ಇಲ್ಲ. ರಾಯಲ್ಟಿ ಲಾಭ ಕೇಳುವುದಿಲ್ಲ, ಬೆಲೆ ಮಾತ್ರ ಕೇಳುತ್ತದೆ. ಕೊಂಕೊಲಾ ಡೀಪ್ ಗಣಿಯಲ್ಲಿ ದಿನಕ್ಕೆ ಸುಮಾರು 3 ಲಕ್ಷ ಘನ ಮೀಟರ್ ನೀರು ಎತ್ತಿ ಹೊರಗೆ ಹಾಕಬೇಕು, ಆ ಪಂಪುಗಳ ಕರೆಂಟ್ ಬಿಲ್ಲಿಗೆ ರಾಯಲ್ಟಿಯಲ್ಲಿ ಜಾಗ ಇಲ್ಲ. ಒಂದೇ ದರ ಎಲ್ಲ ಗಣಿಗೂ ಹಾಕುವ ತೊಂದರೆ ಇದು, ಸ್ಲ್ಯಾಬ್ ಮಾಡಿದರೂ ಹೋಗಿಲ್ಲ.

ಸೀಲು ಸಹಿ:

ಕೊಂಕೊಲಾ ಹೆಸರು ಬಂತಲ್ಲ, ಇಲ್ಲಿಯವರಿಗೆ ಗೊತ್ತಿರಲಿ: ಅದು ವೇದಾಂತ ಕಂಪನಿಯದು, ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರು ತೆಗೆಯುವ ಅದೇ ವೇದಾಂತ. 2004ರಲ್ಲಿ ಅದರ ಕೈಗೆ ಹೋಯಿತು. 2019ರ ಮೇ ತಿಂಗಳಲ್ಲಿ ಜಾಂಬಿಯಾ ಸರ್ಕಾರ ಲಿಕ್ವಿಡೇಟರ್ (ಕಂಪನಿಯನ್ನು ವಶಕ್ಕೆ ತೆಗೆದುಕೊಂಡು ಮುಚ್ಚುವ ಅಧಿಕಾರಿ) ಕೂರಿಸಿತು, ವರ್ಷಗಟ್ಟಲೆ ಕೋರ್ಟು ನಡೆದು 2024ರಲ್ಲಿ ಮತ್ತೆ ವೇದಾಂತಕ್ಕೇ ಬಂತು. ಸರ್ಕಾರದ ಪಾಲು ಅದರ ಗಣಿ ಹೂಡಿಕೆ ಕಂಪನಿ ಜೆಡ್‌ಸಿಸಿಎಂ-ಐಎಚ್ ಮೂಲಕ ಶೇ 20.6. ಅಲ್ಪ ಪಾಲುದಾರನಾಗಿದ್ದರೂ ಕೋರ್ಟಿಗೆ ಹೋಗಿ ಕಂಪನಿಯನ್ನೇ ಮುಚ್ಚಿಸುವ ಅರ್ಜಿ ಹಾಕಬಹುದು ಅನ್ನುವುದು ಷೇರುದಾರರ ಒಪ್ಪಂದ ಬರೆಯುವವರು ಮರೆಯಬಾರದ ಸಂಗತಿ.

ಹೊಸಬ ಓದುಗ:

ರಾಯಲ್ಟಿ ಅರ್ಥ ಆಯಿತು ಸರ್. ಲೈಸೆನ್ಸ್ ಹೇಗೆ? ಭಾರತದವರು ಹೋಗಿ ಸಣ್ಣ ಗಣಿ ತೆಗೆದುಕೊಳ್ಳಬಹುದು ಅಂತ ಯೂಟ್ಯೂಬಿನಲ್ಲಿ ತುಂಬ ವಿಡಿಯೋ ಇವೆ.

ಸೀಲು ಸಹಿ:

ಆ ವಿಡಿಯೋಗಳನ್ನು ನಂಬಿ ವಿಮಾನ ಹತ್ತಬೇಡಿ. ಮೊದಲು ವಿಂಗಡಣೆ ನೋಡಿ. ಇದು 2015ರ ಗಣಿ ಮತ್ತು ಖನಿಜ ಅಭಿವೃದ್ಧಿ ಕಾಯ್ದೆಯಲ್ಲಿ ಇದ್ದದ್ದು. 2024ರ ಕಾಯ್ದೆ ಖನಿಜ ನಿಯಂತ್ರಣ ಆಯೋಗವನ್ನು ತಂದಿದೆ, ಹಾಗಾಗಿ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಮೂನೆ, ಶುಲ್ಕ, ಅಳತೆ ಮೂರನ್ನೂ ರಾಜಧಾನಿ ಲುಸಾಕಾದ ಕಚೇರಿಯಲ್ಲೇ ಕೇಳಿಕೊಳ್ಳಿ.

ಜಾಗವನ್ನು ಅಳೆಯುವುದು ಕೆಡಾಸ್ಟ್ರ್ ಯೂನಿಟ್‌ನಲ್ಲಿ. ಒಂದು ಯೂನಿಟ್ 3.34 ಹೆಕ್ಟೇರ್, ಅಂದರೆ ಎಂಟು ಎಕರೆ ಚಿಲ್ಲರೆ, ಬದಿಗೆ ಸುಮಾರು 180 ಮೀಟರಿನ ಚೌಕ. ನಕ್ಷೆ ಪೂರ್ತಿ ಇಂಥ ಚೌಕಗಳ ಬಲೆ. ನಿಮ್ಮ ಅರ್ಜಿಯ ಮೂಲೆಗಳು ಈ ಬಲೆಯ ಗೆರೆಗಳ ಮೇಲೇ ಕೂರಬೇಕು.

ಕೈಕಸುಬಿನ ಗಣಿಗಾರಿಕೆ: 1ರಿಂದ 2 ಯೂನಿಟ್, 2 ವರ್ಷ. ಜಾಂಬಿಯಾ ಪ್ರಜೆಗಳಿಗೆ, ಅವರ ಸಹಕಾರ ಸಂಘಗಳಿಗೆ ಮಾತ್ರ.
ಸಣ್ಣ ಗಣಿಗಾರಿಕೆ: 3ರಿಂದ 120 ಯೂನಿಟ್, ಸುಮಾರು 400 ಹೆಕ್ಟೇರಿನವರೆಗೆ, 10 ವರ್ಷ. ಕಂಪನಿಯಲ್ಲಿ ಅಲ್ಲಿನ ಪ್ರಜೆಗಳ ಪಾಲು ಇರಲೇಬೇಕು.
ದೊಡ್ಡ ಗಣಿಗಾರಿಕೆ: 25,000 ಹೆಕ್ಟೇರಿನವರೆಗೆ, 25 ವರ್ಷ. ವಿದೇಶಿ ಕಂಪನಿಗೆ ನೇರ ದಾರಿ ಇದೇ.
ಶೋಧನೆ: ಮೊದಲು 4 ವರ್ಷ, ಆಮೇಲೆ ಮೂರು ಮೂರು ವರ್ಷದಂತೆ ಎರಡು ಸಲ, ಒಟ್ಟು ಹತ್ತಕ್ಕೆ ನಿಲ್ಲುತ್ತದೆ.

ಪ್ರಜೆಗಳ ಪಾಲಿಗೆ ಮೂರು ದರ್ಜೆ ಇವೆ: ಶೇ 5ರಿಂದ 25, ಶೇ 25ರಿಂದ 50, ಮತ್ತು ಅರ್ಧಕ್ಕಿಂತ ಹೆಚ್ಚು. ಒಬ್ಬ ಸ್ಥಳೀಯನ ಹೆಸರಿನಲ್ಲಿ ಕೈಕಸುಬಿನ ಲೈಸೆನ್ಸ್ ತೆಗೆಸಿ, ಹಿಂದಿನಿಂದ ದುಡ್ಡು, ಜೆಸಿಬಿ, ಕೆಲಸಗಾರರನ್ನು ಇಳಿಸುವ ಬೇನಾಮಿ ವ್ಯವಹಾರವೇ ವಿಡಿಯೋದವರು ಹೇಳುವುದು. ಲೈಸೆನ್ಸ್ ಕಾಗದ ಅವನದು, ಖನಿಜ ಕಾನೂನಿನ ಪ್ರಕಾರ ಅವನದು, ಯಂತ್ರ ಮಾತ್ರ ನಿಮ್ಮದು. ಅವನು ನಾಳೆ ಬೇರೆಯವರಿಗೆ ಮಾರಿದರೆ ಕೋರ್ಟಿನಲ್ಲಿ ತೋರಿಸುವುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ತೋರಿಸಿದರೆ ಬೇನಾಮಿ ಅಂತ ನೀವೇ ಒಪ್ಪಿಕೊಂಡ ಹಾಗೆ.

ತೂಕದ ಮನೆ:

ಕ್ರಮವನ್ನೂ ಹೇಳಿಬಿಡಿ, ಜನ ತಿರುವುಮುರುವು ಮಾಡುತ್ತಾರೆ. ಲೈಸೆನ್ಸ್ ಕೈಗೆ ಬಂದ ಮರುದಿನವೇ ಅಗೆಯುವಂತಿಲ್ಲ.

ಸೀಲು ಸಹಿ:

ಹೌದು. ನೆಲದ ಹಕ್ಕು ಬೇರೆ, ಖನಿಜದ ಹಕ್ಕು ಬೇರೆ. ಖನಿಜದ ಒಡೆತನ ಗಣರಾಜ್ಯದ ಪರವಾಗಿ ಅಧ್ಯಕ್ಷರಲ್ಲಿ ನೆಲೆಸಿದೆ, ಮೇಲಿನ ಹೊಲ ಮನೆ ಇನ್ನೊಬ್ಬರದು. ಲೈಸೆನ್ಸ್ ಇದ್ದರೂ ಆ ನೆಲಕ್ಕೆ ಕಾಲಿಡಲು ಒಡೆಯನ ಒಪ್ಪಿಗೆ ಬೇಕು, ಸಾಂಪ್ರದಾಯಿಕ ಭೂಮಿಯಾದರೆ ಆ ಸೀಮೆಯ ಮುಖ್ಯಸ್ಥನದು, ಅಲ್ಲಿ ಎಲ್ಲರೂ ಚೀಫ್ ಅನ್ನುತ್ತಾರೆ. ಜನವಸತಿ ಇರುವ ಮನೆಯಿಂದ 180 ಮೀಟರ್, ಬೆಳೆಗೆ ಹಸನು ಮಾಡಿದ ನೆಲದಿಂದ 45 ಮೀಟರ್ ಒಳಗೆ ಬರಹದ ಒಪ್ಪಿಗೆ ಇಲ್ಲದೆ ಹೋಗುವಂತಿಲ್ಲ. ಸ್ಮಶಾನ ಇದ್ದರೆ ಇನ್ನೂ ಬಿಗಿ. ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ: ದಿನಾಂಕ, ಯೂನಿಟ್‌ಗಳ ನಕ್ಷೆ, ಯಾವ ಮರ ಎಷ್ಟು, ಯಾವ ಬೆಳೆಗೆ ಎಷ್ಟು ಪರಿಹಾರ, ಚೀಫ್ ಜೊತೆ ಊರಿನ ಹಿರಿಯನ ಸಹಿ. ಚೀಫ್ ಒಬ್ಬನೇ ಸಹಿ ಹಾಕಿ, ಉಳುವ ಕುಟುಂಬಕ್ಕೆ ಗೊತ್ತೇ ಇಲ್ಲದಿದ್ದರೆ ಜೆಸಿಬಿ ಬಂದ ದಿನ ಊರೇ ಅಡ್ಡ ನಿಲ್ಲುತ್ತದೆ.

ಆಮೇಲೆ ಜೆಮಾ, ಅಂದರೆ ಪರಿಸರ ನಿರ್ವಹಣಾ ಸಂಸ್ಥೆ. ಸಣ್ಣದಕ್ಕೆ ಯೋಜನೆಯ ಸಂಕ್ಷಿಪ್ತ ವರದಿ, ದೊಡ್ಡದಕ್ಕೆ ಪೂರ್ತಿ ಪರಿಸರ ಪರಿಣಾಮ ವರದಿ. ಒಪ್ಪಿಗೆ ಪತ್ರದ ಜೊತೆ ಷರತ್ತುಗಳ ಪಟ್ಟಿ ಬರುತ್ತದೆ, ತಪಾಸಣೆಗೆ ಬಂದವರು ಕೇಳುವುದು ಆ ಪಟ್ಟಿಯನ್ನೇ.

ಲೈಸೆನ್ಸ್ ಹೋಗುವುದು ಸಾಮಾನ್ಯವಾಗಿ ದೊಡ್ಡ ಅಪರಾಧಕ್ಕಲ್ಲ. ವಾರ್ಷಿಕ ಜಾಗದ ಶುಲ್ಕ ಕಟ್ಟಿರುವುದಿಲ್ಲ, ವರದಿ ಸಲ್ಲಿಸಿರುವುದಿಲ್ಲ, ಒಪ್ಪಿಸಿದ ಕೆಲಸದ ಯೋಜನೆಯಲ್ಲಿ ಬರೆದಷ್ಟು ಖರ್ಚು ಮಾಡಿರುವುದಿಲ್ಲ. ನೋಟಿಸ್ ಹಳೆಯ ವಿಳಾಸಕ್ಕೆ ಹೋಗುತ್ತದೆ, ಗಡುವು ಮುಗಿಯುತ್ತದೆ, ಜಾಗ ನಕ್ಷೆಯಲ್ಲಿ ಖಾಲಿ ಅಂತ ತೋರುತ್ತದೆ. ಇನ್ನೊಬ್ಬ ಅರ್ಜಿ ಹಾಕುತ್ತಾನೆ.

ಬಳ್ಳಾರಿ ಬಿಸಿಲು:

ಅಂದರೆ ಅಲ್ಲಿ ಈಗಲೂ ಮೊದಲು ಬಂದವರಿಗೆ ಮೊದಲು? ನಮ್ಮಲ್ಲಿ 2015ರ ತಿದ್ದುಪಡಿಯಿಂದ ಹರಾಜು ಕಡ್ಡಾಯ. ಅದಕ್ಕೆ ಮುಂಚೆ ಅರ್ಜಿಯ ಸರದಿಯಲ್ಲಿ ಏನೇನು ನಡೆಯಿತು ಅಂತ 2011ರ ಲೋಕಾಯುಕ್ತ ವರದಿ ಓದಿದವರಿಗೆ ಗೊತ್ತು.

ಸೀಲು ಸಹಿ:

ಮೊದಲು ಬಂದವರಿಗೆ ಮೊದಲು, ಹೌದು. ಅರ್ಜಿ ದಾಖಲಾದ ಗಳಿಗೆಯೇ ಮುಖ್ಯ. ಹರಾಜನ್ನು ಎಲ್ಲದಕ್ಕೂ ತರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಳ್ಳಾರಿಯಲ್ಲಿ ಅದಿರು ಎಲ್ಲಿದೆ ಅಂತ ನೂರು ವರ್ಷದಿಂದ ಗೊತ್ತು, ಹರಾಜಿಗೆ ಬೆಲೆ ಕಟ್ಟಬಹುದು. ಜಾಂಬಿಯಾದ ವಾಯವ್ಯ ಪ್ರಾಂತ್ಯದ ಕಾಡಿನಲ್ಲಿ ಮಣ್ಣಿನ ಮಾದರಿಯೂ ತೆಗೆಯದ ಜಾಗಕ್ಕೆ ಯಾರು ಏನಂತ ಬಿಡ್ ಮಾಡುತ್ತಾರೆ? ಆದರೆ ಸರದಿಯ ಪದ್ಧತಿ ನಡೆಯುವುದು ರಿಜಿಸ್ಟರ್ ಎಲ್ಲರಿಗೂ ಕಾಣುತ್ತಿದ್ದರೆ ಮಾತ್ರ. ಒಂದರ ಮೇಲೊಂದು ಲೈಸೆನ್ಸ್, ಕೆಲಸ ಮಾಡದೆ ಜಾಗ ಹಿಡಿದು ಕೂತವರು, ಇಂಥ ದೂರು ಹೆಚ್ಚಾಗಿ 2022ರಲ್ಲಿ ಸರ್ಕಾರ ಹೊಸ ಲೈಸೆನ್ಸ್ ಕೊಡುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿ ಆಡಿಟ್ ಮಾಡಿಸಿತು.

ಹೊಸಬ ಓದುಗ:

ಇನ್ನೊಂದು. ರಾಯಲ್ಟಿಗೆ ಲಂಡನ್ ಬೆಲೆ ಹಿಡಿದ ಮೇಲೆ ಕಂಪನಿಗಳು ಬೆಲೆ ಇಳಿಸಿ ತೋರಿಸುವ ಮೋಸ ಹೇಗೆ ಆಗುತ್ತದೆ? ಅಲ್ಲಿನ ತಾಮ್ರದ ಗಣಿ ಕಂಪನಿ ಮೊಪಾನಿಯ ಕೇಸು ಅದೇ ಅಲ್ಲವಾ?

ಲೆಕ್ಕದ ಕಟ್ಟು:

ಒಳ್ಳೆಯ ಪ್ರಶ್ನೆ. ಮೊಪಾನಿ ಕೇಸು ರಾಯಲ್ಟಿಯದಲ್ಲ, ಆದಾಯ ತೆರಿಗೆಯದು. 2006ರಿಂದ 2009ರವರೆಗಿನ ವರ್ಷಗಳಲ್ಲಿ ಮೊಪಾನಿ ತನ್ನ ತಾಮ್ರವನ್ನು ಸ್ವಿಟ್ಜರ್ಲೆಂಡಿನ ಗ್ಲೆನ್‌ಕೋರ್ ಇಂಟರ್‌ನ್ಯಾಷನಲ್‌ಗೆ ಮಾರುತ್ತಿತ್ತು, ಎರಡೂ ಒಂದೇ ಮನೆಯವು. ಆ ಬೆಲೆ ಹೊರಗಿನವರಿಗೆ ಮಾರುತ್ತಿದ್ದ ಬೆಲೆಗಿಂತ ಕಡಿಮೆ ಅಂತ ತೆರಿಗೆ ಇಲಾಖೆ ಮರುಲೆಕ್ಕ ಹಾಕಿತು. 2020ರ ಮೇನಲ್ಲಿ ಸುಪ್ರೀಂ ಕೋರ್ಟು ಇಲಾಖೆಯ ಪರ ತೀರ್ಪು ಕೊಟ್ಟಿತು, ಮೊತ್ತ ಸುಮಾರು 1.3 ಕೋಟಿ ಡಾಲರ್. ಒಂದೇ ಗುಂಪಿನ ಕಂಪನಿಗಳ ನಡುವಿನ ಮಾರಾಟಕ್ಕೂ ಎಲ್‌ಎಂಇ (ಲಂಡನ್ ಮೆಟಲ್ ಎಕ್ಸ್‌ಚೇಂಜ್) ಬೆಲೆಯೇ ಉಲ್ಲೇಖ ಅಂತ 2008ರಲ್ಲೇ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ್ದಾರೆ.

ಹಾಗಾಗಿ ಬೆಲೆಯ ಬಾಗಿಲು ಬಹಳ ಮಟ್ಟಿಗೆ ಮುಚ್ಚಿದೆ. ತೆರೆದಿರುವುದು ಖರ್ಚಿನ ಬಾಗಿಲು. ಮೂಲ ಕಂಪನಿಗೆ ಕೊಡುವ ಆಡಳಿತ ಶುಲ್ಕ, ಗುಂಪಿನೊಳಗಿನ ಸಾಲದ ಬಡ್ಡಿ, ಸಹೋದರ ಕಂಪನಿಯಿಂದ ಕೊಂಡ ಯಂತ್ರದ ಬೆಲೆ. ಬಡ್ಡಿಗೆ ಈಗ ಮಿತಿ ಇದೆ: ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಆದಾಯದ ಶೇ 30ರವರೆಗೆ ಮಾತ್ರ ಖರ್ಚು. ಹಳೆಯ ನಷ್ಟವನ್ನು ಗಣಿಗಳು 10 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಯಾವ ವರ್ಷವೂ ಆ ವರ್ಷದ ಆದಾಯದ ಅರ್ಧಕ್ಕಿಂತ ಹೆಚ್ಚು ಅಳಿಸುವಂತಿಲ್ಲ. 10 ಕೋಟಿ ಆದಾಯ, 40 ಕೋಟಿ ಹಳೆಯ ನಷ್ಟ ಇದ್ದರೂ 5 ಕೋಟಿಗೆ ತೆರಿಗೆ ಕಟ್ಟಲೇಬೇಕು. ಹೆಡ್ಜಿಂಗ್ (ಬೆಲೆಯ ಏರಿಳಿತದಿಂದ ತಪ್ಪಿಸಿಕೊಳ್ಳಲು ಮೊದಲೇ ಬೆಲೆ ಒಪ್ಪಂದ ಮಾಡಿಕೊಳ್ಳುವುದು) ನಷ್ಟವನ್ನು ಗಣಿಯ ಲಾಭದಲ್ಲಿ ಕಳೆಯುವುದಕ್ಕೂ ಬಿಡುವುದಿಲ್ಲ, ಅದು ಬೇರೆಯದೇ ಆದಾಯಮೂಲ.

ಲೆಕ್ಕವನ್ನು ಡಾಲರಿನಲ್ಲೇ ಇಡಬೇಕಾದರೆ ಆದಾಯದ ಶೇ 75ರಷ್ಟು ದೇಶದ ಹೊರಗಿನಿಂದ ವಿದೇಶಿ ವಿನಿಮಯದಲ್ಲಿ ಬಂದಿರಬೇಕು, ಇಲಾಖೆಯ ಅನುಮತಿಯೂ ಬೇಕು. ಅನುಮತಿ ಇಲ್ಲದೆ ಅಲ್ಲಿನ ನಾಣ್ಯ ಕ್ವಾಚಾದಲ್ಲಿ ಲೆಕ್ಕ ಇಟ್ಟವರಿಗೆ, ಕ್ವಾಚಾ ಬಿದ್ದ ವರ್ಷ ಸವಕಳಿಯ ಮೌಲ್ಯವೇ ಕರಗಿಹೋಗುತ್ತದೆ.

ತೂಕದ ಮನೆ:

ವ್ಯಾಟ್ ಬಿಟ್ಟಿರಿ. ನಗದು ಕಟ್ಟಿಹಾಕುವುದು ಅದೇ. ದರ ಶೇ 16, ರಫ್ತಿಗೆ ಸೊನ್ನೆ. ಡೀಸೆಲ್, ಬಿಡಿಭಾಗ, ಗುತ್ತಿಗೆ ಕೆಲಸಕ್ಕೆ ಕಟ್ಟಿದ ವ್ಯಾಟ್ ವಾಪಸ್ ಬರಬೇಕು. 2013ರ ಸುಮಾರಿಗೆ ನಿಯಮ 18 ಅನ್ನು ಬಿಗಿ ಮಾಡಿದರು: ಸರಕು ತಲುಪಿದ ದೇಶದ ಕಸ್ಟಮ್ಸ್‌ನ ಆಮದು ದಾಖಲೆ ತಂದರೆ ಮಾತ್ರ ವಾಪಸ್. ತಾಮ್ರ ಹಡಗಿನಲ್ಲಿ ಇರುವಾಗಲೇ ಮೂರು ಕೈ ಬದಲಾಗುತ್ತದೆ, ಕೊನೆಗೆ ಯಾವ ದೇಶದಲ್ಲಿ ಇಳಿಯಿತು ಅಂತ ಗಣಿಯವರಿಗೆ ಗೊತ್ತೇ ಇರುವುದಿಲ್ಲ. ದಾಖಲೆ ಎಲ್ಲಿಂದ ತರುವುದು? ಕೋಟ್ಯಂತರ ಡಾಲರ್ ಸಿಕ್ಕಿಕೊಂಡಿತು, 2015ರಲ್ಲಿ ಸಡಿಲಿಸಿದರು. ಈಗಲೂ ವಾಪಸಾತಿ ತಡ. ಹೊಸ ಯೋಜನೆಯ ನಗದು ಹರಿವಿನ ಹಾಳೆಯಲ್ಲಿ ವ್ಯಾಟ್ ಮರುತಿಂಗಳೇ ಬರುತ್ತದೆ ಅಂತ ಬರೆದಿದ್ದರೆ ಆ ಹಾಳೆ ಹರಿದುಹಾಕಿ.

ಬಳ್ಳಾರಿ ಬಿಸಿಲು:

2025ರ ಫೆಬ್ರವರಿ 18ರಂದು ಚಂಬಿಶಿ ಹತ್ತಿರ ಸಿನೊ-ಮೆಟಲ್ಸ್‌ನವರ ತ್ಯಾಜ್ಯದ ಕಟ್ಟೆ ಒಡೆದು ಆಮ್ಲದ ನೀರು ಕಫುವೆ ನದಿಗೆ ಹೋಯಿತಲ್ಲ, ಕಿಟ್ವೆ ಊರಿಗೆ ನಲ್ಲಿ ನೀರೇ ನಿಲ್ಲಿಸಿದರು. ಅಂಥದ್ದಕ್ಕೆ ಮೊದಲೇ ಠೇವಣಿ ಇರಬೇಕಲ್ಲವೇ?

ಸೀಲು ಸಹಿ:

ಠೇವಣಿ ಇದೆ, ಆದರೆ ಅದು ಬೇರೆ ಕೆಲಸಕ್ಕೆ. ಪರಿಸರ ಸಂರಕ್ಷಣಾ ನಿಧಿ ಅಂತ 1998ರ ನಿಯಮಾವಳಿ. ಗಣಿ ಮುಚ್ಚಿದ ಮೇಲೆ ಜಾಗ ಸರಿಪಡಿಸಲು ಎಷ್ಟು ಬೇಕು ಅಂತ ಅಂದಾಜು ಮಾಡಿ, ಗಣಿಯ ನಡವಳಿಕೆಗೆ ತಕ್ಕ ದರ್ಜೆ ಕೊಡುತ್ತಾರೆ. ಒಳ್ಳೆಯ ದರ್ಜೆಗೆ ಅಂದಾಜಿನ ಶೇ 5 ನಗದು, ಮಧ್ಯಮಕ್ಕೆ 10, ಕೆಟ್ಟದ್ದಕ್ಕೆ 20, ಉಳಿದದ್ದಕ್ಕೆ ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆ. ಅಂದಾಜು ಕಡಿಮೆ ಬರೆದರೆ ಠೇವಣಿಯೂ ಕಡಿಮೆ. ಇದು ಮುಚ್ಚುವ ಖರ್ಚಿಗೆ ಇಟ್ಟ ದುಡ್ಡು, ನಡೆಯುತ್ತಿರುವ ಗಣಿಯ ಕಟ್ಟೆ ಒಡೆದು ಕೆಳಗಿನ ಊರಿನ ಮೀನು, ಜೋಳ, ಬಾವಿ ಹಾಳಾದರೆ ಅದಕ್ಕೆ ಸಾಲುವುದಿಲ್ಲ. ಅದಕ್ಕೆ ಪರಿಸರ ಕಾಯ್ದೆಯಲ್ಲಿ ಬೇರೆ ದಾವೆ. ಕೊಂಕೊಲಾ ಗಣಿಯ ಕೆಳಗಿನ ಹಳ್ಳಿಯವರು ಲಂಡನ್ನಿಗೇ ಹೋಗಿ ವೇದಾಂತದ ಮೇಲೆ ಕೇಸು ಹಾಕಿದರು, ಬ್ರಿಟನ್ನಿನ ಸುಪ್ರೀಂ ಕೋರ್ಟು 2019ರ ಏಪ್ರಿಲ್‌ನಲ್ಲಿ ಕೇಸು ಇಲ್ಲೇ ನಡೆಯಬಹುದು ಅಂದಿತು. ಮೂಲ ಕಂಪನಿ ಎಲ್ಲಿದೆಯೋ ಅಲ್ಲಿಗೂ ಹೊಣೆ ಹಿಂಬಾಲಿಸುತ್ತದೆ ಅಂತ ಅದರ ಮೇಲೆ ಎಲ್ಲ ಕಂಪನಿಗಳ ವಕೀಲರೂ ಎಚ್ಚೆತ್ತರು.

ಹೊಸಬ ಓದುಗ:

ಕೊನೆಯ ಪ್ರಶ್ನೆ. ಗಣಿ ಬೇಡ, ಅಲ್ಲಿನ ಲೈಸೆನ್ಸ್ ಇರುವವರಿಂದ ಕೊಂಡು ರಫ್ತು ಮಾಡುವುದಾದರೆ?

ತೂಕದ ಮನೆ:

ಕೊಳ್ಳುವುದಕ್ಕೆ ಖನಿಜ ವ್ಯಾಪಾರದ ಪರ್ಮಿಟ್ ಬೇರೆ, ಹೊರಗೆ ಕಳಿಸುವುದಕ್ಕೆ ರಫ್ತು ಪರ್ಮಿಟ್ ಬೇರೆ. ಒಂದನ್ನು ತೋರಿಸಿ ಇನ್ನೊಂದರ ಕೆಲಸ ಮಾಡಲಾಗದು.

ಕ್ರಮ ಹೀಗೆ. ಮಾರುವವನ ಲೈಸೆನ್ಸ್ ನಂಬರನ್ನು ರಿಜಿಸ್ಟರಿನಲ್ಲಿ ನೋಡಿ, ಅವಧಿ ಇದೆಯಾ, ಅದರಲ್ಲಿ ಆ ಖನಿಜದ ಹೆಸರಿದೆಯಾ. ಮ್ಯಾಂಗನೀಸ್ ಲೈಸೆನ್ಸಿನಲ್ಲಿ ತಾಮ್ರ ಮಾರುವವರು ಬೇಕಾದಷ್ಟು ಜನ. ಆಮೇಲೆ ಸರಕು ಅವನ ಜಾಗದಲ್ಲೇ ಇರುವಾಗ ನೀವೇ ಮಾದರಿ ತೆಗೆಯಿರಿ, ಅವನು ಡಬ್ಬಿಯಲ್ಲಿ ಕೊಟ್ಟದ್ದನ್ನು ಅಲ್ಲ. ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯಿಂದ ಖನಿಜ ವಿಶ್ಲೇಷಣೆಯ ಪ್ರಮಾಣಪತ್ರ, ಅದರ ಮೇಲೆ ಮೌಲ್ಯಮಾಪನ, ಆ ಮೌಲ್ಯಕ್ಕೆ ರಾಯಲ್ಟಿ ಕಟ್ಟಿದ ತೆರಿಗೆ ಇಲಾಖೆಯ ಪತ್ರ, ಇವಿಷ್ಟು ಸೇರಿದ ಮೇಲೆ ರಫ್ತು ಪರ್ಮಿಟ್‌ಗೆ ಅರ್ಜಿ. ರಾಯಲ್ಟಿ ಕಟ್ಟಬೇಕಾದವನು ಗಣಿಯವನು, ಆದರೆ ಅವನು ಕಟ್ಟದಿದ್ದರೆ ಗಡಿಯಲ್ಲಿ ನಿಲ್ಲುವುದು ನಿಮ್ಮ ಲಾರಿ. ಹಾಗಾಗಿ ಒಪ್ಪಂದದಲ್ಲಿ ಬೆಲೆಯಿಂದ ಅಷ್ಟನ್ನು ಹಿಡಿದಿಟ್ಟು, ರಶೀದಿ ಬಂದ ಮೇಲೆ ಕೊಡುವ ಷರತ್ತು ಬರೆಸಿ.

ವಿಶ್ಲೇಷಣೆಯ ಪತ್ರದಲ್ಲಿನ ತೂಕ, ಪರ್ಮಿಟ್ಟಿನ ತೂಕ, ವೇಬ್ರಿಡ್ಜ್ ಚೀಟಿಯ ತೂಕ ಮೂರೂ ಒಂದೇ ಆಧಾರದಲ್ಲಿ ಇರಲಿ, ಎಲ್ಲವೂ ಹಸಿ ಅಥವಾ ಎಲ್ಲವೂ ಒಣ. ಒಂದರಲ್ಲಿ ಹಸಿ 34 ಟನ್, ಇನ್ನೊಂದರಲ್ಲಿ ಒಣ 31 ಅಂತ ಇದ್ದರೆ ಚಿರುಂಡು ಗಡಿಯಲ್ಲೋ ನಕೊಂಡೆ ಗಡಿಯಲ್ಲೋ ಅಧಿಕಾರಿಗೆ ಕಾಣುವುದು ಮೂರು ಟನ್ ಕಳ್ಳ ಸರಕು. ವಿವರಿಸಿ ಬಿಡಿಸಿಕೊಳ್ಳುವಷ್ಟರಲ್ಲಿ ಲಾರಿಯ ದಿನಬಾಡಿಗೆ ನಿಮ್ಮ ಲಾಭವನ್ನು ತಿಂದಿರುತ್ತದೆ. ಹಸಿ ತೂಕ, ತೇವಾಂಶ, ಒಣ ತೂಕ ಮೂರನ್ನೂ ಪ್ರತಿ ಕಾಗದದಲ್ಲೂ ಒಂದೇ ಸಾಲಿನಲ್ಲಿ ಬರೆಸಿ.